ದಿವಾಳಿ ಕಾನೂನಿನಲ್ಲಿ ಎಲ್‌ಎಲ್‌ಎಂ: ದಾವಣಗೆರೆಯ ಕಿರಿಯ ವಕೀಲರಿಗೆ ಕ್ವೀನ್ಸ್‌ನಿಂದ

ಎಲ್‌ಎಲ್‌ಎಂಗೆ ದಿವಾಳಿ ಕಾನೂನು ಆರಿಸಿಕೊಂಡಿದ್ದೇನೆ ಅಂದಾಗ ಮಂಡಿಪೇಟೆಯಲ್ಲಿ ಅಂಗಡಿ ಇರುವ ನನ್ನ ಸೋದರಮಾವ ಕೇಳಿದ್ದು ಇಷ್ಟೇ: “ಅಲ್ಲವಾ, ಪಾಪರ್ ಎದ್ದೋರ ಬಗ್ಗೆ ಓದಾಕೆ ಅಮೆರಿಕಕ್ಕೆ ಹೋಗ್ಬೇಕೇನು? ಇಲ್ಲೇ ಎಷ್ಟು ಜನ ಅದಾರೆ!” ಮಾವ ಹೇಳಿದ್ದು ನಿಜ. ಅವರೆಲ್ಲ ಇಲ್ಲೇ ಇದ್ದಾರೆ ಅನ್ನುವ ಕಾರಣಕ್ಕೇ ನಾನು ಈ ವಿಷಯ ಹಿಡಿದದ್ದು.

ನಮ್ಮೂರ ವ್ಯಾಪಾರ ನಡೆಯುವುದೇ ಕಡದ ಮೇಲೆ. ಮೆಕ್ಕೆಜೋಳ ಬೆಳೆಯುವ ರೈತ ದಲಾಲರಲ್ಲಿ ಮುಂಗಡ ತರುತ್ತಾನೆ, ದಲಾಲರು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಸಾಲ ಮಾಡಿರುತ್ತಾರೆ, ಗೊಬ್ಬರದ ಅಂಗಡಿಯವರು ಸುಗ್ಗಿವರೆಗೂ ಬಾಕಿ ಬರೆದುಕೊಳ್ಳುತ್ತಾರೆ. ರೇಟು ಬಿದ್ದ ವರ್ಷ ಒಬ್ಬರು ಕೈ ಎತ್ತಿದರೆ ಹಿಂದೆ ನಾಲ್ಕು ಮಂದಿ ಕುಸಿಯುತ್ತಾರೆ. ಸಿವಿಲ್ ಕಡೆ ಜೂನಿಯರ್ ಆಗಿದ್ದವರಿಗೆ ಮುಂದಿನದು ಗೊತ್ತೇ ಇದೆ: ಹಣ ಕೊಡಬೇಕೆಂಬ ಡಿಕ್ರಿ, ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ, ಕೋರ್ಟಿನ ಅಮೀನರ ಜೊತೆ ಜಪ್ತಿಗೆ ಹೋಗುವುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅಡುಗೆಯ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ, ರೈತನ ನೇಗಿಲು, ಬಿತ್ತನೆಯ ಬೀಜ ಇವನ್ನು ಮುಟ್ಟಬಾರದು ಅನ್ನುತ್ತದೆ. ಹೆಂಗಸು ಧರ್ಮಾಚಾರದಂತೆ ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಬಿಟ್ಟಿದೆ. ತಾಳಿಯನ್ನು ಕಾನೂನು ಕಾಯುತ್ತದೆ, ನಿಜ. ಆದರೆ ಸಾಲ ಹಾಗೇ ಉಳಿಯುತ್ತದೆ, ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆ ಮನುಷ್ಯ ಮತ್ತೆ ಅಂಗಡಿ ತೆರೆಯುವ ದಾರಿ ಯಾವುದು?

ದಾರಿ ಇದೆ, ಬಹಳ ಹಳೆಯದು. 1920ರ ಪ್ರಾಂತೀಯ ದಿವಾಳಿ ಕಾಯಿದೆ. ಸಾಲ 500 ರೂಪಾಯಿ ದಾಟಿದ್ದರೆ ಸಾಲಗಾರನೇ ಅರ್ಜಿ ಹಾಕಬಹುದು. 2016ರ ದಿವಾಳಿ ಸಂಹಿತೆ ಬಂದು ಕಂಪನಿಗಳ ಮಟ್ಟಿಗೆ ಎಲ್ಲವೂ ಬದಲಾಯಿತು, ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಬಂತು, 2019ರ ತಿದ್ದುಪಡಿಯಿಂದ ಪ್ರಕರಣ ಮುಗಿಸಲು 330 ದಿನಗಳ ಗಡುವು ಬಂತು. ಆದರೆ ಅದೇ ಸಂಹಿತೆಯ ಮೂರನೇ ಭಾಗ, ಅಂದರೆ ವ್ಯಕ್ತಿಗಳಿಗೆ ಸಂಬಂಧಿಸಿದ್ದು, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ 2019ರ ಡಿಸೆಂಬರ್‌ನಿಂದ ಜಾರಿಯಾಯಿತು. ಮಂಡಿಪೇಟೆಯ ಅಂಗಡಿಯವನಿಗೆ ಇನ್ನೂ 1920ರ ಕಾಯಿದೆಯೇ ಗತಿ. ಅದರಲ್ಲಿ ದಿವಾಳಿ ಅಂತ ಘೋಷಿಸಿದ ಮೇಲೆ ಋಣಮುಕ್ತಿಗೆ, ಅಂದರೆ ಉಳಿದ ಸಾಲದಿಂದ ಬಿಡುಗಡೆಗೆ, ಬೇರೆ ಅರ್ಜಿ ಹಾಕಬೇಕು, ಕೋರ್ಟು ಕೊಟ್ಟ ಅವಧಿಯೊಳಗೆ ಹಾಕದಿದ್ದರೆ ಘೋಷಣೆಯೇ ರದ್ದಾಗಬಹುದು. ಸಾಲಗಾರ ಸಿವಿಲ್ ಬಂಧನದಿಂದ ತಪ್ಪಿಸಿಕೊಂಡರೆ ಸಾಕು ಅಂದುಕೊಂಡು ಅಲ್ಲಿಗೇ ಕೈಬಿಡುತ್ತಾನೆ. ಅವನ ವಕೀಲರೂ ಕೈಬಿಟ್ಟರೆ ಅವನಿಗೆ ಬಿಡುಗಡೆ ಎಲ್ಲಿಂದ ಬರಬೇಕು?

ಇಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ ದಿವಾಳಿ ಕಾನೂನಿಗೇ ಮೀಸಲಾದ ಎಲ್‌ಎಲ್‌ಎಂ ಕೊಡುವ ಅಪರೂಪದ ಜಾಗ. ತರಗತಿಗಿಂತ ಹೆಚ್ಚು ನನಗೆ ಕಲಿಸಿದ್ದು ಸಾಲಕೊಟ್ಟವರ ಸಭೆ. ಅಮೆರಿಕದ ದಿವಾಳಿ ಸಂಹಿತೆಯ 341ನೇ ಕಲಮಿನ ಸಭೆ ಅನ್ನುತ್ತಾರೆ. ಈಗ ಹೆಚ್ಚಾಗಿ ಜೂಮ್‌ನಲ್ಲೇ ನಡೆಯುತ್ತದೆ. ಜಡ್ಜ್ ಇರುವುದಿಲ್ಲ, ಸಾಲಗಾರನ ಆಸ್ತಿ ನೋಡಿಕೊಳ್ಳುವ ಟ್ರಸ್ಟಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ. ಅರ್ಜಿ ಓದಿ ಸಹಿ ಮಾಡಿದಿರಾ? ಆಸ್ತಿ ಎಲ್ಲವನ್ನೂ ತೋರಿಸಿದ್ದೀರಾ? ಯಾರಿಗಾದರೂ ಏನಾದರೂ ವರ್ಗಾಯಿಸಿದ್ದೀರಾ? ಸಾಮಾನ್ಯ ಪ್ರಕರಣವಾದರೆ ಕೆಲವೇ ನಿಮಿಷ. ಮೊದಲ ಸಲ ನೋಡಿದಾಗ ಯಾರಾದರೂ ಬೈಯುತ್ತಾರೆ ಅಂತ ಕಾಯುತ್ತಾ ಕೂತಿದ್ದೆ. ಯಾರೂ ಬೈಯಲಿಲ್ಲ. ಉತ್ತರ ಕೊಟ್ಟವರು ಕೆಲಸಕ್ಕೆ ಹೊರಟರು. ಅದೇ ಸಂಹಿತೆಯ ಚಾಪ್ಟರ್ 7ರಲ್ಲಿ, ಅಂದರೆ ಮಾರಬಹುದಾದ ಆಸ್ತಿ ಒಪ್ಪಿಸಿ ಸಾಲದಿಂದ ಬಿಡುಗಡೆ ಕೇಳುವ ದಾರಿಯಲ್ಲಿ, ಅರ್ಜಿ ಹಾಕಿದ ಸುಮಾರು ನಾಲ್ಕು ತಿಂಗಳಿಗೆ ಋಣಮುಕ್ತಿ ಸಿಗುತ್ತದೆ. ಅರ್ಜಿ ದಾಖಲಾದ ಕ್ಷಣದಿಂದಲೇ ವಸೂಲಿಗೆ ತಡೆ, ಅದಕ್ಕೆ ಬೇರೆ ಆದೇಶ ಬೇಕಿಲ್ಲ. ಎಲ್ಲ ಸಾಲವೂ ಹೋಗುತ್ತದೆ ಅಂತಲ್ಲ: ಜೀವನಾಂಶ, ಮೋಸದಿಂದ ಮಾಡಿದ ಸಾಲ ಉಳಿಯುತ್ತವೆ, ವಿದ್ಯಾಭ್ಯಾಸದ ಸಾಲವೂ ಸುಲಭಕ್ಕೆ ಹೋಗುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚಾಪ್ಟರ್ 12. ರೈತ ಕುಟುಂಬಗಳಿಗೆಂದು 1986ರಲ್ಲಿ ತಂದದ್ದು. ರೈತ ಜಮೀನು ತನ್ನ ಕೈಯಲ್ಲೇ ಇಟ್ಟುಕೊಂಡು ಉಳುಮೆ ಮಾಡುತ್ತಾ ಮೂರರಿಂದ ಐದು ವರ್ಷದ ಯೋಜನೆ ಕೊಡುತ್ತಾನೆ, ಕಂತನ್ನು ಫಸಲು ಬರುವ ಹೊತ್ತಿಗೆ ಹೊಂದಿಸಿಕೊಳ್ಳಬಹುದು. ಅಡವಿಟ್ಟ ಜಮೀನಿನ ಬೆಲೆ ಸಾಲಕ್ಕಿಂತ ಕಡಿಮೆಯಿದ್ದರೆ ಅಡಮಾನದ ಸಾಲವನ್ನು ಆ ಬೆಲೆಗೆ ಇಳಿಸಲೂ ಸಾಧ್ಯ. ನಮ್ಮಲ್ಲಿ ಸಾಲಮನ್ನಾ ಒಂದೇ ಮಾತು. ಅದು ಸರ್ಕಾರ ಮನಸ್ಸು ಮಾಡಿದಾಗ ಬರುತ್ತದೆ. ಜಗಳೂರಿನ ರೈತನಿಗೂ ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೂ ಇಂಥದೊಂದು ಹಕ್ಕು ಕಾನೂನಿನಲ್ಲೇ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ನೀವು ಬರಬೇಕೋ ಬೇಡವೋ. ಎಲ್‌ಎಲ್‌ಬಿ ಮುಗಿದ ಕೂಡಲೇ ಹೊರಡಬೇಡಿ. ಎರಡು ಮೂರು ವರ್ಷ ಊರಿನ ಕೋರ್ಟಿನಲ್ಲಿ ಅಮಲ್ಜಾರಿ ಫೈಲು ಹಿಡಿದು ಬಂದರೆ ಇಲ್ಲಿಯ ಪ್ರತಿ ಪಾಠವೂ ಒಂದು ಮುಖದ ಜೊತೆ ನೆನಪಿರುತ್ತದೆ. ಇಲ್ಲಿ ವಕೀಲಿಕೆ ಮಾಡಲು ಬೇಕಾದ ನ್ಯೂಯಾರ್ಕ್ ಬಾರ್ ಪರೀಕ್ಷೆಗೆ ಎಲ್‌ಎಲ್‌ಎಂ ಆಧಾರದ ಮೇಲೆ ಕೂರುವುದಾದರೆ ಕನಿಷ್ಠ 24 ಕ್ರೆಡಿಟ್ ಬೇಕು, ಅದರಲ್ಲಿ ವೃತ್ತಿನೀತಿ, ಕಾನೂನು ಸಂಶೋಧನೆ, ಬಾರ್ ವಿಷಯಗಳು ಸೇರಿರಬೇಕು. ಮೊದಲ ಸೆಮಿಸ್ಟರ್‌ಗೆ ಮುಂಚೆಯೇ ಲೆಕ್ಕ ಹಾಕಿ. ಇಲ್ಲದಿದ್ದರೆ ದಿವಾಳಿ ವಿಷಯಗಳೇ ತುಂಬಿಕೊಂಡು ಇವಕ್ಕೆ ಜಾಗ ಸಿಗುವುದಿಲ್ಲ. ಕೋರ್ಸ್ ಮುಗಿದ ಮೇಲೆ ವಿದ್ಯಾರ್ಥಿ ವೀಸಾದ ಮೇಲೆ ಕೆಲಸದ ಅನುಭವಕ್ಕೆ ಸಿಗುವುದು 12 ತಿಂಗಳು. ಅದನ್ನು ನಂಬಿ ಮನೆ ಅಡವಿಟ್ಟು ಬರುವುದು ಬೇಡ, ಸ್ಕಾಲರ್‌ಶಿಪ್ ಪತ್ರ ಕೈಗೆ ಬಂದ ಮೇಲೆ ನಿರ್ಧರಿಸಿ. ನಿಮ್ಮ ಗುರಿ ಕಂಪನಿ ಪ್ರಕರಣಗಳಾದರೆ ಹರಿಯಾಣದ ಮಾನೇಸರದಲ್ಲಿರುವ ಐಐಸಿಎಯಲ್ಲಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಪೊರೇಟ್ ಅಫೇರ್ಸ್) ಎರಡು ವರ್ಷದ ದಿವಾಳಿ ಕಾರ್ಯಕ್ರಮವಿದೆ. ವಕೀಲರಿಗೆ ದಿವಾಳಿ ವೃತ್ತಿಪರರಾಗಲು, ಅಂದರೆ ಕಂಪನಿಗಳ ದಿವಾಳಿ ಪ್ರಕ್ರಿಯೆ ನಡೆಸುವವರಾಗಲು, ಬೇಕಾದ ಹತ್ತು ವರ್ಷದ ಅನುಭವವನ್ನು ಕಾಯದೆ ಆ ದಾರಿಯಲ್ಲಿ ಹೋಗಬಹುದು, ಖರ್ಚೂ ಕಡಿಮೆ.

ನಾನು ವಾಪಸ್ ಬರುತ್ತೇನೆ. ಬಂದ ಮೇಲೆ ಮೊದಲ ಕೆಲಸ 1920ರ ಕಾಯಿದೆಯಲ್ಲಿ ಘೋಷಣೆಯಾಗಿಯೂ ಋಣಮುಕ್ತಿಯ ಅರ್ಜಿ ಹಾಕದೆ ನಿಂತವರನ್ನು ಹುಡುಕುವುದು. ನಿಮ್ಮ ಸೀನಿಯರ್ ಕಪಾಟಿನಲ್ಲಿ ಅಂಥ ಫೈಲಿದ್ದರೆ ಕೋರ್ಟು ಕೊಟ್ಟ ಅವಧಿ ಯಾವತ್ತಿಗೆ ಮುಗಿಯುತ್ತದೆ ಅಂತ ಇವತ್ತೇ ತೆಗೆದು ನೋಡಿ. ಮುಗಿಯುತ್ತಾ ಬಂದಿದ್ದರೆ ಕಾಲಾವಕಾಶ ವಿಸ್ತರಿಸಲು ಅರ್ಜಿ ಹಾಕಬಹುದು.