ಎಡಗೈ ಗುಂಡಿ

ನಮ್ಮ ಶೆಡ್ಡಿನಲ್ಲಿ ತಗಡು ಒತ್ತುವ ನಾಲ್ಕನೇ ಪ್ರೆಸ್ಸಿಗೆ ಎರಡು ಹಸಿರು ಗುಂಡಿಗಳಿದ್ದವು. ಎರಡಕ್ಕೂ ನಡುವೆ ಒಂದು ಮೊಳ ಅಂತರ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿಂದ ಬಡಿಯುವ ಭಾರದ ರ್‍ಯಾಮ್ ಕೆಳಗಿಳಿಯಬೇಕು. ಕೈಗಳೆರಡೂ ಗುಂಡಿಯ ಮೇಲಿದ್ದರೆ ಕೆಳಗಿನ ಅಚ್ಚಿನೊಳಗೆ, ಅಂದರೆ ಡೈಯೊಳಗೆ, ಹೋಗೋದು ಹೇಗೆ ಅನ್ನೋದು ಅದರ ಹಿಂದಿನ ಲೆಕ್ಕ. ಆ ಲೆಕ್ಕ ತಪ್ಪಿಸೋಕೆ ನಮ್ಮಲ್ಲಿ ಬೇಕಾದದ್ದು ಎರಡು ಬೆರಳಗಲದ ಸೈಕಲ್ ಟ್ಯೂಬು. ಅದನ್ನು ಮಡಚಿ ಎಡಗಡೆ ಗುಂಡಿಯ ಸಂದಿಗೆ ತುರುಕಿ, ಮೇಲೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದ್ದರು. ಗುಂಡಿ ಬೆಳಗಿನಿಂದ ಸಂಜೆಯವರೆಗೆ ಒತ್ತಿಕೊಂಡೇ ಇರುತ್ತಿತ್ತು. ಬಲಗೈಗೆ ಗುಂಡಿ, ಎಡಗೈಗೆ ಬಿಡುವು. ಎಣ್ಣೆ, ಧೂಳು ಕೂತು ಕೂತು ಆ ಟೇಪು ಕಂಪನಿಯಿಂದಲೇ ಮಷೀನಿನ ಜೊತೆ ಬಂದದ್ದೇನೋ ಅನ್ನುವ ಹಾಗೆ ಕಾಣುತ್ತಿತ್ತು.

ನಾನು ಅಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್. ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತು ಸಲ ಅದರ ಮುಂದೆ ಹಾದುಹೋಗುತ್ತಿದ್ದೆ. ನೋಡಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಪೀಣ್ಯ ಎರಡನೇ ಹಂತದ ಒಳರಸ್ತೆಯಲ್ಲಿ ಆರು ಪ್ರೆಸ್ಸು, ಎರಡು ಡ್ರಿಲ್ಲಿಂಗ್ ಮಷೀನು, ಒಂದು ಗ್ರೈಂಡರು, ಪಕ್ಕದಲ್ಲಿ ಪುಟ್ಟ ಟೂಲ್‌ರೂಮು ಇದ್ದ ಕಾರ್ಖಾನೆ ಅದು. ದೊಡ್ಡ ಕಂಪನಿಯೊಂದಕ್ಕೆ ಬ್ರಾಕೆಟ್ಟು, ಕ್ಲಿಪ್ಪು ಒತ್ತಿಕೊಡುತ್ತಿದ್ದೆವು. ಪ್ರತಿ ವರ್ಷ ಮಾರ್ಚ್ 4ಕ್ಕೆ ಸೇಫ್ಟಿ ಡೇ. 1966ರಲ್ಲಿ ಅದೇ ತಾರೀಖಿನಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾದ ನೆನಪಿಗೆ ದೇಶವಿಡೀ ಆಚರಿಸುವ ದಿನ. ನಮ್ಮಲ್ಲಿ ಅದು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಎಲ್ಲರ ಅಂಗಿಗೂ ಹಸಿರು ಬ್ಯಾಡ್ಜು, ನಾನು ಪ್ರತಿಜ್ಞೆ ಓದೋದು, ಅವರು ಹಿಂದೆ ಹೇಳೋದು, ಒಂದು ಗ್ರೂಪ್ ಫೋಟೋ, ಒಂದು ಮೈಸೂರ್‌ಪಾಕು, ಹಿಡಿ ಖಾರ, ತರಬೇತಿ ರಿಜಿಸ್ಟರಿನಲ್ಲಿ ಸಹಿ. ಪ್ರತಿಜ್ಞೆ ಕನ್ನಡದಲ್ಲಿ. ಅರ್ಧದಷ್ಟು ಹುಡುಗರು ಒಡಿಶಾ, ಬಿಹಾರದವರು. ತುಟಿ ಆಡಿಸುತ್ತಿದ್ದರು. ಫೋಟೋ ಕಸ್ಟಮರ್ ಆಡಿಟ್ ಫೈಲಿಗೆ ಹೋಗುತ್ತಿತ್ತು.

2017ರಲ್ಲಿ ಮಾತ್ರ ಕಸ್ಟಮರ್ ಕಡೆಯವರು ಹೊರಗಿನ ತರಬೇತುದಾರರನ್ನು ಕರೆಸಲೇಬೇಕು ಅಂತ ಪಟ್ಟು ಹಿಡಿದರು. ಅದು ಶನಿವಾರ. ಪ್ರೊಜೆಕ್ಟರು, ಲ್ಯಾಪ್‌ಟಾಪು ಹಿಡಿದು ಯಾರೋ ಟೈ ಕಟ್ಟಿಕೊಂಡು ಬರುತ್ತಾರೆ ಅಂದುಕೊಂಡಿದ್ದೆ. ಬಂದವರು ಅರವತ್ತು ದಾಟಿದ, ಟೂಲ್‌ರೂಮಿನಲ್ಲೇ ಜೀವ ಸವೆಸಿ ರಿಟೈರಾದ ಮನುಷ್ಯ. ಮೊಪೆಡ್ಡಿನ ಹ್ಯಾಂಡಲ್ಲಿಗೆ ಬಟ್ಟೆಯ ಕೈಚೀಲ ನೇತಾಡುತ್ತಿತ್ತು. ಅದರ ಬಾಯಿಂದ ಮೂಲಂಗಿ ಸೊಪ್ಪು ಇಣುಕುತ್ತಿತ್ತು. ಮನೆಗೆ ತರಕಾರಿ ತಗೊಂಡಿದಾರೆ ಅಂದುಕೊಂಡೆ.

ಕುರ್ಚಿ ಹಾಕಿದ್ದೆವು. ಕೂರಲಿಲ್ಲ. "ನಡೀರಿ, ಒಂದು ರೌಂಡ್ ಹೊಡ್ಯೋಣ" ಅಂದರು. ಗ್ರೈಂಡರಿನ ಮುಂದೆ ನಿಂತು, ಕಲ್ಲಿಗೂ ಟೂಲ್ ರೆಸ್ಟಿಗೂ ನಡುವಿನ ಸಂದಿಯೊಳಗೆ ತಮ್ಮ ಪೆನ್ನು ತೂರಿಸಿದರು. ಸರಾಗವಾಗಿ ಹೋಯಿತು. ಆ ಸಂದಿ 3 ಮಿಲಿಮೀಟರ್ ದಾಟಬಾರದು. ದಾಟಿದರೆ ಪೀಸು ಒಳಗೆ ಸಿಕ್ಕಿಕೊಂಡು ಕಲ್ಲು ಒಡೆದು ಹಾರುತ್ತದೆ. ಫೈರ್ ಎಕ್ಸ್‌ಟಿಂಗ್ವಿಶರ್ ಎಲ್ಲಿ ಅಂತ ಕೇಳಿದರು. ರಟ್ಟಿನ ಪೆಟ್ಟಿಗೆಗಳ ಹಿಂದಿತ್ತು. ಡ್ರಿಲ್ಲಿಂಗ್ ಮಷೀನಿನಲ್ಲಿ ಒಬ್ಬ ಹುಡುಗ ಶಿಸ್ತಾಗಿ ಗ್ಲೌಸ್ ಹಾಕಿಕೊಂಡು ನಿಂತಿದ್ದ. ಆವತ್ತು ಹಾಕಿಕೋ ಅಂತ ಹೇಳಿದ್ದು ನಾನೇ. "ಮೊದಲು ಅದನ್ನ ಬಿಚ್ಚಪ್ಪ" ಅಂದರು. ತಿರುಗೋ ಬಿಟ್ಟಿಗೆ ಗ್ಲೌಸಿನ ಒಂದು ನೂಲು ಸುತ್ತಿಕೊಂಡರೂ ಸಾಕು, ಕೈಯನ್ನು ಸಮೇತ ಎಳೆಯುತ್ತದೆ. ತಗಡು ಹೊರೋವಾಗ ಬೇಕಾದ ಗ್ಲೌಸು ಡ್ರಿಲ್ಲಿನ ಹತ್ತಿರ ಶತ್ರು. ಹನ್ನೊಂದು ವರ್ಷ ಆ ಕೆಲಸ ಮಾಡಿದ್ದ ನನಗೆ ಇದು ಗೊತ್ತಿರಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ.

ಎರಡನೇ ಪ್ರೆಸ್ಸು ಹಳೇ ಕಾಲದ್ದು, ಕಾಲಿನ ಪೆಡಲ್ಲಿನದು. ಅದರ ಹತ್ತಿರ ಎಲ್ಲರನ್ನೂ ಸುತ್ತ ನಿಲ್ಲಿಸಿದರು. ಮೋಟರ್ ಆಫ್ ಮಾಡಿಸಿದರು. ಸದ್ದು ಇಳಿಯಿತು.

"ಈಗ ಕೈ ಹಾಕಬಹುದಾ?"

"ಹಾಕಬಹುದು ಸಾರ್, ಆಫ್ ಆಗಿದೆ" ಅಂತ ನಾಲ್ಕೈದು ದನಿ.

ಚೀಲದಿಂದ ಒಂದು ಮೂಲಂಗಿ ತೆಗೆದು, ಇಕ್ಕಳದಲ್ಲಿ ಹಿಡಿದು ಡೈಯ ಮೇಲಿಟ್ಟರು. ಇಕ್ಕಳ ಆಚೆ ತೆಗೆದು ಪೆಡಲ್ ತುಳಿದರು. ಧಡ್ ಅಂತ ರ್‍ಯಾಮ್ ಬಂತು. ಮೂಲಂಗಿಯ ರಸ ಎದುರಿಗೆ ನಿಂತಿದ್ದ, ಡೈ ಕೂರಿಸುವ ಸೆಟ್ಟರ್ ಮುಖಕ್ಕೆ ಚಿಮ್ಮಿತು. ಮೇಲ್ಗಡೆ ಆ ದಪ್ಪ ಚಕ್ರ, ಫ್ಲೈವೀಲು, ಇನ್ನೂ ನಿಧಾನವಾಗಿ ಸುತ್ತುತ್ತಲೇ ಇತ್ತು. ಕರೆಂಟು ಹೋದರೂ ಅದರೊಳಗೆ ತುಂಬಿದ ಓಟ ಹೋಗಿರೋದಿಲ್ಲ. ಕ್ಲಚ್ಚಿನ ಕೀ ಒಮ್ಮೆ ಕಚ್ಚಿತು ಅಂದರೆ ಇಂಥ ಪ್ರೆಸ್ಸು ಒಂದು ಪೂರ್ತಿ ಸುತ್ತು ಮುಗಿಸಿಯೇ ನಿಲ್ಲೋದು, ನಡುವೆ ತಡೆಯೋಕೆ ಯಾರಿಂದಲೂ ಆಗದು. ಡೈ ಬಿಚ್ಚೋವಾಗ ಫ್ಲೈವೀಲು ಪೂರ್ತಿ ನಿಂತಿರಬೇಕು, ರ್‍ಯಾಮಿನ ಕೆಳಗೆ ಬ್ಲಾಕ್ ಕೊಟ್ಟಿರಬೇಕು, ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು. ಮೂಲಂಗಿ ನೋಡಿದ ಮೇಲೆ ಇದನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಒಡಿಶಾದ ಹುಡುಗರಿಗೆ ಅನುವಾದವೂ ಬೇಕಾಗಲಿಲ್ಲ.

ಗುಂಪಿನಲ್ಲಿ ಯಾರೋ ಕೇಳಿದರು: "ಸಾರ್, ನಿಮ್ಮ ಬೆರಳು ಎಷ್ಟಿವೆ?"

ಎರಡೂ ಕೈ ಎತ್ತಿ ತೋರಿಸಿದರು. "ಹತ್ತೂ ಇವೆ ಕಣಪ್ಪ. ಅದಕ್ಕೇ ನನ್ನ ಮಾತು ಯಾರೂ ನಂಬಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಸೂಪರ್‌ವೈಸರ್ ಸಾರ್, ನೀವು ಒಂದು ಟೀ ಕುಡ್ಕೊಂಡು ಬಂದುಬಿಡಿ" ಅಂದರು. ನಾನು ಹೋದಂತೆ ಮಾಡಿ ಸ್ಕ್ರ್ಯಾಪ್ ಡಬ್ಬದ ಹಿಂದೆ ನಿಂತೆ.

"ನಾನು ಬೈಯಲ್ಲ, ಬರ್ಕೊಳಲ್ಲ. ನೀವು ಏನೇನು ಕಳ್ಳಾಟ ಆಡ್ತೀರಿ, ಒಬ್ಬೊಬ್ರೇ ತೋರಿಸಿ ನೋಡೋಣ."

ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು, ಅದನ್ನು ಗುಂಡಿಯ ಮೇಲಿಟ್ಟು ಟೇಪು ಸುತ್ತಿ ಒತ್ತಿ ಹಿಡಿಯೋದು ತೋರಿಸಿದ. ಅವನಿಗಿಂತ ಜಾಣ ಇನ್ನೊಬ್ಬ. ಗಾರ್ಡ್ ತೆಗೆದಾಗ ಮಷೀನ್ ನಿಲ್ಲಿಸಬೇಕಾದ ಲಿಮಿಟ್ ಸ್ವಿಚ್ಚಿನ ನಾಲಿಗೆಯನ್ನು ಬೈಂಡಿಂಗ್ ವೈರಿನಿಂದ ಕಟ್ಟಿದರೆ ಗಾರ್ಡೇ ಬೇಡ. ಪೆಡಲ್ಲಿನ ಕವರ್ ಕಿತ್ತು ಹಲಗೆ ಇಟ್ಟರೆ ಕಾಲು ನೋಯೋದಿಲ್ಲ. ಒಬ್ಬ ಎಡಗಡೆ ಗುಂಡಿಯನ್ನು ಹೊಟ್ಟೆಯಿಂದ ಒತ್ತಿ ತೋರಿಸಿದಾಗ ಇಡೀ ಶೆಡ್ಡು ನಕ್ಕಿತು. ಪ್ಯಾಕಿಂಗಿನ ಹೆಂಗಸರೂ ಬಂದರು. "ನಮಗೆ ಕೊಟ್ಟಿರೋ ಕೋಟು ಗಂಡಸರ ಅಳತೇದು ಸಾರ್, ತೋಳು ಬೆಲ್ಟಿಗೆ ಸಿಗುತ್ತೆ, ಅದಕ್ಕೇ ಹಾಕ್ಕೊಳಲ್ಲ" ಅಂದರು. ಜಾತ್ರೆಯ ಹಾಗಿತ್ತು. ಯಾವ ಸೇಫ್ಟಿ ಡೇಯಲ್ಲೂ ಈ ಜನ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವರು ತೋರಿಸಿದ್ದರಲ್ಲಿ ನನಗೆ ಹೊಸದು ಹೊಟ್ಟೆಯ ಉಪಾಯ ಒಂದೇ.

ಕೊನೆಗೆ ನಾಲ್ಕನೇ ಪ್ರೆಸ್ಸು. ಅದರ ಆಪರೇಟರನ್ನು ನಾವು ಊರ ಹೆಸರಿನಿಂದ ಸಿಂಧನೂರು ಅಂತಲೇ ಕರೆಯುತ್ತಿದ್ದೆವು. ಅವನು ನಗಲಿಲ್ಲ. ಟೇಪಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತ.

"ಬಿಚ್ಚು. ಎರಡೂ ಕೈಯಲ್ಲಿ ಹತ್ತು ಪೀಸ್ ಹೊಡಿ."

ಹೊಡೆದ. 2 ಮಿಲಿಮೀಟರ್ ದಪ್ಪದ ತಗಡಿನ ಬ್ರಾಕೆಟ್ಟು, ನಡುವೆ ಒಂದು ತೂತು. ಹತ್ತರಲ್ಲಿ ನಾಲ್ಕರ ತೂತು ಒಂದು ಬದಿಗೆ ಸರಿದಿತ್ತು.

"ನೋಡ್ರಿ ಸರ. ಬೆರಳು ಕೊಟ್ಟು ಹಿಂದಕ್ಕ ಒತ್ತಿ ಹಿಡೀಲಿಲ್ಲಂದ್ರ ಪೀಸ್ ಜಾರತೈತ್ರಿ. ರಿಜೆಕ್ಟ್ ಆದ್ರ ಕ್ವಾಲಿಟಿಯವ್ರು ನನ್ನ ಹೆಸರಿಗೆ ಬರೀತಾರ್ರಿ."

ತರಬೇತುದಾರರು ಮೋಟರ್ ಆಫ್ ಮಾಡಿಸಿ, ಫ್ಲೈವೀಲು ನಿಲ್ಲೋವರೆಗೂ ಕಾದರು. ಆಮೇಲೆ ಕನ್ನಡಕ ಹಣೆಗೇರಿಸಿ, ಮೊಬೈಲಿನ ಟಾರ್ಚ್ ಬಿಟ್ಟು ಡೈಯೊಳಗೆ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಪೀಸು ಜಾರದ ಹಾಗೆ ತಡೆಯೋಕೆ ಇಲ್ಲೊಂದು ಲೊಕೇಟರ್ ಪಿನ್ ಇರಬೇಕಿತ್ತಲ್ಲ. ಎಲ್ಲಿ?"

ಸೆಟ್ಟರ್ ಡಬ್ಬದ ಹಿಂದಿದ್ದ ನನ್ನ ಕಡೆ ನೋಡಿದ. "ಮುರಿದಿದೆ ಸಾರ್. ರಿಪೇರಿಗೆ ಸ್ಲಿಪ್ ಕೊಟ್ಟಿದೀನಿ."

ಸ್ಲಿಪ್ ನನ್ನ ಮೇಜಿನ ಡ್ರಾದಲ್ಲಿತ್ತು. 2016ರ ಆಗಸ್ಟಿನದು. ಡೈ ಇಳಿಸಿ, ಮುರಿದ ಪಿನ್ ಕೊರೆದು ತೆಗೆದು, ಹೊಸದು ಕೂರಿಸಿ, ಮತ್ತೆ ಸೆಟ್ ಮಾಡೋಕೆ ಅರ್ಧ ಪಾಳಿ ಹೋಗುತ್ತದೆ. ಡಿಸ್‌ಪ್ಯಾಚ್ ಮುಗಿಯಲಿ, ಈ ವಾರ ಕಳೆಯಲಿ ಅಂತ ಇಟ್ಟುಕೊಂಡಿದ್ದೆ. ಪಿನ್ ಮಾಡಬೇಕಾದ ಕೆಲಸವನ್ನು ಅಷ್ಟು ತಿಂಗಳು ಮನುಷ್ಯನ ತೋರುಬೆರಳು ಮಾಡಿತ್ತು. ಬೆರಳು ಬಿಡುವಾಗಬೇಕಾದರೆ ಎಡಗಡೆ ಗುಂಡಿ ತಾನಾಗಿ ಒತ್ತಿಕೊಂಡಿರಲೇಬೇಕು. ಟೇಪಿನ ಹುಟ್ಟು ಅಲ್ಲಿ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸಿಂಧನೂರಿಗಿಂತ ಮೊದಲು ಆ ಪ್ರೆಸ್ಸಿನಲ್ಲಿ ಯಾದಗಿರಿ ಕಡೆಯ ಹುಡುಗನೊಬ್ಬ ಇದ್ದ. ನವೆಂಬರಿನ ಒಂದು ಮಧ್ಯಾಹ್ನ, ಊಟದ ನಂತರದ ಮಂಪರಿನ ಹೊತ್ತು, ಪೀಸು ಜಾರಿತು, ಬೆರಳು ಅದರ ಹಿಂದೆ ಹೋಯಿತು. ಕೂಗಿದ್ದೂ ನೆನಪಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ನಡೆದು ಬಂದು ನಿಂತಿದ್ದ, ರಜೆ ಕೇಳೋಕೆ ಬಂದವನ ಹಾಗೆ. ತುಂಡಾದ ತುದಿಯನ್ನು ಯಾರೋ ಹುಡುಕಿ ತಂದರು. ನಾವು ಅದನ್ನು ಪಕ್ಕದ ಜ್ಯೂಸ್ ಅಂಗಡಿಯ ಐಸಿನಲ್ಲಿ ಹೂತು, ಟಿಫನ್ ಡಬ್ಬಿಯಲ್ಲಿ ಮುಚ್ಚಿ ಆಟೋ ಹತ್ತಿದೆವು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ ಡಬ್ಬಿ ನನ್ನ ತೊಡೆಯ ಮೇಲೆ ತಣ್ಣಗೆ ಕೊರೆಯುತ್ತಿತ್ತು. ಡಾಕ್ಟರು ಮುಚ್ಚಳ ತೆಗೆದ ಕೂಡಲೇ ಬೈದರು. ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸಿನ ಮೇಲೆ ಇಡಬೇಕಿತ್ತಂತೆ. ಐಸು ನೇರ ತಾಗಿದರೆ ಮಾಂಸ ಕೆಟ್ಟುಹೋಗುತ್ತದೆ. ಜಜ್ಜಿದ ಬೆರಳು ಹೇಗೂ ಕೂಡುತ್ತಿತ್ತೋ ಇಲ್ಲವೋ. ನಮ್ಮ ಗೋಡೆಯ ಮೇಲಿದ್ದ ಪ್ರಥಮ ಚಿಕಿತ್ಸೆಯ ಚಾರ್ಟಿನಲ್ಲಂತೂ ಹಾವು ಕಡಿತ ಇತ್ತು, ಬೆರಳು ಇರಲಿಲ್ಲ.

ಇಎಸ್‌ಐನಲ್ಲಿ, ಅಂದರೆ ಕಾರ್ಮಿಕರ ವಿಮೆಯಲ್ಲಿ, ಬೆರಳುಗಳಿಗೊಂದು ಪಟ್ಟಿಯಿದೆ. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ 30 ಶೇಕಡಾ ನಷ್ಟ. ತೋರುಬೆರಳು ಪೂರ್ತಿ 14, ಒಂದು ಗೆಣ್ಣು ಮಾತ್ರವಾದರೆ 9. ನಡುಬೆರಳು 12. ಉಂಗುರದ್ದೋ ಕಿರುಬೆರಳೋ ಆದರೆ 7. ಅವನದು 9. ಕೆಲವು ತಿಂಗಳ ನಂತರ ಫೋನ್ ಮಾಡಿದಾಗ ಅವರಪ್ಪ ಎತ್ತಿಕೊಂಡರು. ಹುಡುಗ ಊರಲ್ಲೇ ಇದ್ದಾನೆ, ಹತ್ತಿ ಬಿಡಿಸೋಕೆ ಹೋಗ್ತಾನೆ, ಒಣಗಿದ ಹತ್ತಿಕಾಯಿಯ ಚೂಪು ಆ ಮೋಟು ತುದಿಗೆ ತಾಗಿದರೆ ಕಣ್ಣಲ್ಲಿ ನೀರು ಬರ್ತದ ಅಂತಾನೆ ಅಂದರು. ಅದು ಯಾವ ಪಟ್ಟಿಯಲ್ಲೂ ಇಲ್ಲ.

ಗಾಯಾಳು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆಗಳ ಇಲಾಖೆಗೆ ವರದಿ ಕೊಡಬೇಕು. ಬರೆದದ್ದು ನಾನು. ಅಪಘಾತದ ಕಾರಣ ಅನ್ನುವ ಜಾಗದಲ್ಲಿ "ಕಾರ್ಮಿಕನ ಅಜಾಗರೂಕತೆ" ಅಂತ ಬರೆದೆ. ಓನರ್ ಹೇಳಿಕೊಟ್ಟದ್ದಲ್ಲ. ಪೆನ್ನಿಗೆ ಅದೇ ಬಂತು, ಅಷ್ಟು ರೂಢಿಯಾದ ಮಾತು ಅದು. ಟೇಪನ್ನು ಆವತ್ತೇ ಕಿತ್ತು ಹಾಕಿಸಿದ್ದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೂಗಾಡಿಯೂ ಆಗಿತ್ತು. ಹದಿನೈದು ದಿನದಲ್ಲಿ ಹೊಸ ಟೇಪು ಬಂದಿತ್ತು. ಪಿನ್ ಇಲ್ಲವಲ್ಲ, ಬರದೆ ಏನು ಮಾಡುತ್ತದೆ?

ಇದ್ಯಾವುದನ್ನೂ ನಾನು ಆ ಹಿರಿಯರಿಗೆ ಹೇಳಲಿಲ್ಲ. ಅವರಿಗೆ ಸೆಟ್ಟರ್ ಹೇಳಿರಬೇಕು. ಟೀ ಕುಡಿಯುವಾಗ ನನ್ನ ಹತ್ತಿರ ಬಂದು, ಬೇರೆ ಏನೂ ಕೇಳದೆ, ಪ್ಯಾನೆಲ್ ತೆಗೆಸಿದರು. ಲೋಕಲ್ ಎಲೆಕ್ಟ್ರಿಷಿಯನ್ ಎರಡೂ ಗುಂಡಿಯನ್ನು ಒಂದರ ಹಿಂದೆ ಒಂದು ಸರಪಳಿಯ ಹಾಗೆ ಕಟ್ಟಿದ್ದ. ಒಂದನ್ನು ಕಟ್ಟಿಹಾಕಿದರೂ ಇನ್ನೊಂದರಿಂದ ಕೆಲಸ ನಡೆಯುವುದು ಅದಕ್ಕೇ. ಟೂ ಹ್ಯಾಂಡ್ ರಿಲೇ ಅಂತಲೇ ಸಿಗುತ್ತದೆ, ಅದು ಹಾಕಿದರೆ ಎರಡೂ ಗುಂಡಿಯನ್ನು ಅರ್ಧ ಸೆಕೆಂಡಿನೊಳಗೆ ಒತ್ತಬೇಕು, ಎರಡನ್ನೂ ಬಿಟ್ಟು ಮತ್ತೆ ಒತ್ತಿದರಷ್ಟೇ ಮುಂದಿನ ಸ್ಟ್ರೋಕು, ಟೇಪು ಸುತ್ತಿದರೆ ಮಷೀನೇ ಮುಷ್ಕರ ಹೂಡುತ್ತದೆ ಅಂತ ವಿವರಿಸಿದರು. ಪೀಸು ತೆಗೆಯೋಕೆ ಹಿಡಿಕೆಯಿರುವ ಅಯಸ್ಕಾಂತ ಕೊಡಿ ಅಂದರು. ಕಬ್ಬಿಣದ ತಗಡಿಗೆ ಸಾಕು, ಅಲ್ಯೂಮಿನಿಯಂ ಆದರೆ ಸಕ್ಷನ್ ಕಪ್ಪು. "ಆದ್ರೆ ಮೊದಲು ಪಿನ್ ಹಾಕ್ಸಿ. ಪಿನ್ ಇಲ್ದೆ ರಿಲೇ ಹಾಕಿದ್ರೆ ರಿಲೇನೂ ಬೈಪಾಸ್ ಮಾಡ್ತಾರೆ" ಅಂದು, ಉಳಿದ ಮೂಲಂಗಿಗಳ ಚೀಲ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹೊರಟರು.

ಮಧ್ಯಾಹ್ನವೇ ಡೈ ಇಳಿಸಿದೆವು. ಪಿನ್ ಕೂರಿಸೋಕೆ ಟೂಲ್‌ರೂಮಿನಲ್ಲಿ ಹಿಡಿದದ್ದು ನಲವತ್ತು ನಿಮಿಷ. ಇಳಿಸೋದು, ಏರಿಸೋದು, ಸೆಟ್ಟಿಂಗು ಎಲ್ಲ ಮುಗಿದು ಸಂಜೆ ನಾಲ್ಕರ ಹೊತ್ತಿಗೆ ಪ್ರೆಸ್ಸು ಓಡಿತು. ಸಿಂಧನೂರು ಎರಡೂ ಕೈಯಲ್ಲಿ ಹತ್ತು ಪೀಸ್ ಹೊಡೆದ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಹತ್ತೂ ಸರಿಯಾಗಿದ್ದವು. "ಸ್ವಲ್ಪ ನಿಧಾನ ಆಗತೈತ್ರಿ ಸರ, ಟಾರ್ಗೆಟ್ ಇಳಸ್ರಿ" ಅಂದ. ನ್ಯಾಯವಾಗಿತ್ತು. ಇಳಿಸೋಕೆ ಮೂರು ವಾರ ಓನರ್ ಜೊತೆ ಗುದ್ದಾಡಿದೆ. ಪೂರ್ತಿ ಇಳಿಯಲಿಲ್ಲ. ರಿಲೇ ಬಂದದ್ದು ಜೂನಿನಲ್ಲಿ, ಕಸ್ಟಮರ್ ಆಡಿಟ್ಟಿನ ಹಿಂದಿನ ದಿನ.

ಆ ಶನಿವಾರ ಸಂಜೆ ಮಷೀನ್ ನಿಂತ ಹೊತ್ತಿನ ರಿಜಿಸ್ಟರು ತುಂಬಬೇಕಿತ್ತು. ನಾಲ್ಕನೇ ಪ್ರೆಸ್ಸು, ಮೂರು ಗಂಟೆ. ಕಾರಣದ ಕಾಲಮ್ಮಿನಲ್ಲಿ "ಲೊಕೇಟರ್ ಪಿನ್ ಮುರಿದದ್ದು, ಆಗಸ್ಟ್‌ನಿಂದ" ಅಂತ ಬರೆದು ಸಹಿ ಹಾಕಿದೆ. ಸೋಮವಾರ ಓನರ್ ಕರೆದು, ಆಗಸ್ಟ್ ಅನ್ನೋ ಪದದ ಮೇಲೆ ಬೆರಳಿಟ್ಟು, "ಇದನ್ನ ಹೊಡೆದು ಹಾಕು, ಇನ್ಸ್‌ಪೆಕ್ಟರ್ ನೋಡಿದ್ರೆ ಕಷ್ಟ" ಅಂದರು. ಹೊಡೆದು ಹಾಕಲಿಲ್ಲ. ಆದರೆ ನವೆಂಬರಿನ ವರದಿಯನ್ನು ತಿದ್ದಿ ಕೊಡೋಕೆ ನಾನೂ ಹೋಗಲಿಲ್ಲ. ಅದು ಈಗಲೂ ನನ್ನ ಕೈಬರಹದಲ್ಲೇ ಇರಬೇಕು.