ಭಾಗವತ ಮಾವನ ಕ್ಯಾಸೆಟ್ಟುಗಳು: ಕೆಲಸ ಎಲ್ಲಿಯವರೆಗೆ ಬಂತು

ಬೇಶ ತಿಂಗಳು (ಮೇ–ಜೂನ್), ಪತ್ತನಾಜೆ ಕಳೆದ ಮೇಲೆ

ಸೋದರಮಾವನ ವರ್ಷಾಂತಿಕ ಮುಗಿದ ಬಳಿಕ, ಅವರ ಕೋಣೆಯ ಮರದ ಪೆಟ್ಟಿಗೆಗಳಲ್ಲಿದ್ದ ಕ್ಯಾಸೆಟ್ಟುಗಳನ್ನು ಅತ್ತೆ ನನ್ನ ವಶಕ್ಕೆ ಕೊಟ್ಟರು. ಕಾಸರಗೋಡಿನ ನೀರ್ಚಾಲಿನ ಆಸುಪಾಸಿನಲ್ಲಿ ಮಾವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಯಕ್ಷಗಾನದ ಪದ್ಯ ಹಾಡುತ್ತಿದ್ದ ಅವರು ಊರವರಿಗೆ ಭಾಗವತರು, ನಮಗೆ ಸೋದರಳಿಯಂದಿರಿಗೆ ಭಾಗವತ ಮಾವ, ಮೊಮ್ಮಕ್ಕಳಿಗೆ ಭಾಗವತಜ್ಜ. ತಿರುಗಾಟದ ಯಕ್ಷಗಾನ ಮೇಳಗಳಿಂದ ಕರೆ ಬಂದಿದ್ದರೂ ಅವರು ಹೊರಡಲಿಲ್ಲ. ದೀಪಾವಳಿ ಕಳೆದು ಹೊರಟರೆ ಮೇ ಕೊನೆಗೆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ರಾತ್ರಿಯೆಲ್ಲ ಆಟ, ಹಗಲೆಲ್ಲ ನಿದ್ದೆ. ಅಡಿಕೆ ತೋಟಕ್ಕೆ ನೀರು ಬಿಡಬೇಕಾದ ತಿಂಗಳುಗಳೂ ಅವೇ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಶಾಲೆಗೆ ಹೋಗುವ ಮೂವರು ಮಕ್ಕಳು ಇದ್ದಾಗ ಆರು ತಿಂಗಳು ಮನೆ ಬಿಟ್ಟಿರುವುದು ತನ್ನಿಂದಾಗದೆಂದು ಅವರು ತೀರ್ಮಾನಿಸಿದ್ದರು. ಆ ತೀರ್ಮಾನದ ಬಗ್ಗೆ ಅವರು ಕೊರಗಿದ್ದನ್ನು ನಾನು ಕಂಡಿಲ್ಲ. ದೇವಸ್ಥಾನದ ಸಂಘದ ವಾರದ ಕೂಟ, ವೇಷ ಕುಣಿತಗಳಿಲ್ಲದೆ ಕುಳಿತು ನಡೆಸುವ ಮಳೆಗಾಲದ ತಾಳಮದ್ದಳೆ, ಊರಿನ ಹವ್ಯಾಸಿಗಳ ಆಟ, ಸಂಜೆ ಜಗಲಿಯಲ್ಲಿ ಮಕ್ಕಳಿಗೆ ಪಾಠ: ಐದು ದಶಕ ಅವರು ಹಾಡಿದ್ದು ಇಷ್ಟೇ ವೃತ್ತದೊಳಗೆ.

ಈ ಟಿಪ್ಪಣಿಯನ್ನು ಬರೆಯುತ್ತಿರುವುದು ಆ ಹಾಡಿಕೆಯನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸದ ಲೆಕ್ಕ ಒಂದೆಡೆ ಇರಲಿ ಎಂದು. ಕ್ಯಾಸೆಟ್ಟುಗಳ ಪಟ್ಟಿ ಸಿದ್ಧವಾಗಿದೆ. ಹೆಚ್ಚಿನವುಗಳ ಮೇಲೆ ಮಾವನ ದುಂಡು ಅಕ್ಷರದಲ್ಲಿ ಪ್ರಸಂಗ (ಆಡಿದ ಕಥೆ), ಸ್ಥಳ, ಚೆಂಡೆ ಮದ್ದಳೆಗೆ ಕುಳಿತವರು, ಅರ್ಥಧಾರಿಗಳು (ಪಾತ್ರಗಳಾಗಿ ಮಾತನಾಡಿದವರು) ಇಷ್ಟೂ ಇವೆ. ತನ್ನ ಹೆಸರನ್ನು ಮಾತ್ರ ಅವರು ಎಲ್ಲಿಯೂ ಬರೆದಿಲ್ಲ. ರಾಮಾಯಣದ ಪ್ರಸಂಗಗಳೇ ಬಹುಪಾಲು. ಕುಂಬಳೆ ಸೀಮೆಯವರಿಗೆ ಯಕ್ಷಗಾನ ಕವಿ ಪಾರ್ತಿಸುಬ್ಬ ಮನೆಯ ಹಿರಿಯನಿದ್ದ ಹಾಗೆ, ಅವನ ಪದ್ಯಗಳನ್ನು ಹಾಡದೆ ಇಲ್ಲಿ ಯಾರೂ ಭಾಗವತರಾಗುವುದಿಲ್ಲ. ಮಾವನಿಗೆ ಆದರ್ಶವಾಗಿದ್ದವರು ಪದ್ರೆಯ ಮೂಲದ ಬಲಿಪ ನಾರಾಯಣ ಭಾಗವತರು (1938–2023). ಬಲಿಪರ ಹಾಡಿಕೆಯಲ್ಲಿ ಉಳಿದುಕೊಂಡಿದ್ದ ಹಳೆಯ ಮಟ್ಟುಗಳನ್ನು (ಹಾಡುವ ಧಾಟಿಗಳನ್ನು) ಮಾವ ಶ್ರದ್ಧೆಯಿಂದ ಕೇಳಿ ಕಲಿತಿದ್ದರು. ಅವುಗಳಲ್ಲಿ ಕೆಲವನ್ನು ನಮ್ಮ ಊರಿನ ಈಗಿನ ಹವ್ಯಾಸಿ ಭಾಗವತರು ಹಾಡುವುದಿಲ್ಲ. ಈ ಕೆಲಸಕ್ಕೆ ನಾನು ಕೈಹಾಕಲು ಅದೂ ಒಂದು ಕಾರಣ.

ಆಟಿ ತಿಂಗಳು (ಜುಲೈ–ಆಗಸ್ಟ್)

ಮಳೆ ಹಿಡಿದ ಮೇಲೆ ಕೆಲಸ ನಿಧಾನವಾಗಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಕ್ಯಾಸೆಟ್ಟಿನ ಮೊದಲ ಶತ್ರು ಬೂಸಲು, ಎಂದರೆ ಶಿಲೀಂಧ್ರ. ಕಿಟಕಿಯಂತಿರುವ ಭಾಗದಿಂದ ಇಣುಕಿದರೆ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಕಾಣುತ್ತದೆ. ಅಂಥವನ್ನು ಹಾಗೆಯೇ ಓಡಿಸಿದರೆ ಟೇಪು ಯಂತ್ರದ ಧ್ವನಿ ಓದುವ ಹೆಡ್ಡಿಗೆ ಅಂಟಿ ಹರಿಯಬಹುದು, ಬೂಸಲು ಯಂತ್ರದ ಮೂಲಕ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಆದ್ದರಿಂದ ಬೂಸಲು ಹಿಡಿದವನ್ನು ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಗಳಲ್ಲಿಟ್ಟು ಒಣಗಿಸುತ್ತಿದ್ದೇನೆ. ಒಣಗಿದ ಮೇಲೆ ಮೂಗು ಬಾಯಿ ಮುಚ್ಚಿಕೊಂಡು, ಮೆತ್ತನೆಯ ಕುಂಚದಿಂದ ಒರಸಿ, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಸುತ್ತಿಸಿ, ಬಳಿಕ ಧ್ವನಿ ಇಳಿಸಿಕೊಳ್ಳುವುದು ಕ್ರಮ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡು ಕಳಚಿಹೋದ ಕ್ಯಾಸೆಟ್ಟುಗಳ ಸುರುಳಿಯನ್ನು ಬೇರೆ ಚಿಪ್ಪಿಗೆ ವರ್ಗಾಯಿಸಬೇಕು; ಸ್ಕ್ರೂ ಇರುವ ಚಿಪ್ಪಾದರೆ ಇದು ಸುಲಭ, ಅಂಟು ಹಾಕಿ ಮುಚ್ಚಿದ್ದಾದರೆ ಅಂಚನ್ನು ಜಾಗ್ರತೆಯಿಂದ ಒಡೆಯಬೇಕಾಗುತ್ತದೆ.

ಧ್ವನಿಯನ್ನು 24 ಬಿಟ್, 48 ಕಿಲೋಹರ್ಟ್ಸ್ ಪ್ರಮಾಣದಲ್ಲಿ, ಒತ್ತಿ ಕುಗ್ಗಿಸದ ವೇವ್ ಕಡತಗಳಾಗಿ ಉಳಿಸುತ್ತಿದ್ದೇನೆ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 45 ನಿಮಿಷ, ಅದಕ್ಕೆ 780 ಮೆಗಾಬೈಟಿನಷ್ಟು ಜಾಗ ಬೇಕು. ಪ್ರತಿಯೊಂದು ಕಡತದ ಎರಡು ಪ್ರತಿಗಳಿವೆ, ಒಂದು ನನ್ನಲ್ಲಿ, ಇನ್ನೊಂದು ಮಂಗಳೂರಿನಲ್ಲಿರುವ ಭಾವನ ಮನೆಯಲ್ಲಿ. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ತಿರುಗಿಸಿ ಹೆಡ್ಡಿನ ಕೋನವನ್ನು ಹೊಂದಿಸಿಕೊಳ್ಳಬೇಕು. ಜಾಗಟೆಯ ಪೆಟ್ಟು ಅತ್ಯಂತ ಸ್ಪಷ್ಟವಾಗಿ ಕೇಳುವ ಜಾಗವೇ ಸರಿಯಾದ ಜಾಗ.

ಈ ತಿಂಗಳು ಹೆಚ್ಚು ಹೊತ್ತು ತೆಗೆದುಕೊಂಡದ್ದು ವೇಗದ ಸಮಸ್ಯೆ. ಒಂದು ಅಹೋರಾತ್ರಿ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಅನುಕ್ರಮವಾಗಿ ಕೇಳುತ್ತ ಹೋದರೆ, ಬೆಳಗಿನ ಜಾವ ಸಮೀಪಿಸಿದಂತೆ ಮಾವನ ಶ್ರುತಿ ಏರುತ್ತಿರುವಂತೆ ಕೇಳುತ್ತದೆ, ಅರ್ಥಧಾರಿಗಳ ಮಾತೂ ಅವಸರದ್ದಾಗುತ್ತದೆ. ವಾಸ್ತವದಲ್ಲಿ ಏರಿದ್ದು ಶ್ರುತಿಯಲ್ಲ, ಇಳಿದದ್ದು ಟೇಪ್ ರೆಕಾರ್ಡರಿನ ಬ್ಯಾಟರಿ. ಬ್ಯಾಟರಿ ಸೋತಾಗ ಯಂತ್ರ ಮೆಲ್ಲನೆ ತಿರುಗಿ ಧ್ವನಿಮುದ್ರಿಸುತ್ತದೆ. ಅದನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಎಲ್ಲವೂ ಮೇಲಕ್ಕೇರುತ್ತದೆ. ಇದನ್ನು ಸರಿಪಡಿಸಲು ಟೇಪಿನಲ್ಲಿ ಸೇರಿಕೊಂಡ 50 ಹರ್ಟ್ಸಿನ ವಿದ್ಯುತ್ ಗುಂಯ್‌ಗುಡುವಿಕೆಯನ್ನು ಅಳತೆಗೋಲಾಗಿ ಹಿಡಿಯುವ ಪದ್ಧತಿಯಿದೆ. ಆದರೆ ಬ್ಯಾಟರಿಯಲ್ಲಿ ಮುದ್ರಿಸಿದ್ದರಲ್ಲಿ ಅದು ಸಿಕ್ಕುವುದಿಲ್ಲ, ಕರೆಂಟಿನಲ್ಲಿ ಮುದ್ರಿಸಿದ್ದರಲ್ಲಿ ಸಿಕ್ಕಿದರೂ ಆ ಕಾಲದ ವಿದ್ಯುತ್ತಿನ ಕಂಪನಾಂಕವೇ 50ರಲ್ಲಿ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಹಾಡಿಕೆಯ ಹಿಂದೆ ಸದಾ ಕೇಳುವ ಶ್ರುತಿಪೆಟ್ಟಿಗೆಯನ್ನೇ ನಂಬಿದೆ. ಮಾವನ ಶ್ರುತಿಪೆಟ್ಟಿಗೆ ಈಗಲೂ ದೇವರ ಕೋಣೆಯಲ್ಲಿದೆ, ಊದಿದರೆ ಸ್ವರ ಕೊಡುತ್ತದೆ. ಅದಕ್ಕೆ ಹೋಲಿಸಿದಾಗ ಆ ರಾತ್ರಿಯ ಕೊನೆಯ ಕ್ಯಾಸೆಟ್ಟು ಹತ್ತಿರ ಹತ್ತಿರ ಅರ್ಧ ಸ್ವರ, ಎಂದರೆ ವೇಗದಲ್ಲಿ ಸುಮಾರು 6 ಶೇಕಡಾ, ಏರಿತ್ತು. ಹಂತ ಹಂತವಾಗಿ ವೇಗವನ್ನು ಇಳಿಸಿದಾಗ ಮಾವನ ನಿಜವಾದ ಕಂಠ, ಆ ತುಂಬಿದ, ಸ್ವಲ್ಪ ಒರಟಾದ ಕಂಠ, ಮರಳಿ ಬಂತು. ತಿದ್ದಿದ ಪ್ರತಿಯನ್ನು ಬೇರೆಯಾಗಿಯೇ ಇಟ್ಟಿದ್ದೇನೆ, ಮೂಲವನ್ನು ಮುಟ್ಟಿಲ್ಲ.

ಚೆಂಡೆಯ ವಿಚಾರದಲ್ಲಿ ಏನನ್ನೂ ತಿದ್ದುವುದಿಲ್ಲವೆಂದು ನಿರ್ಧರಿಸಿದ್ದೇನೆ. ಆ ಟೇಪ್ ರೆಕಾರ್ಡರುಗಳು ಧ್ವನಿಯ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತಿದ್ದವು. ಚೆಂಡೆಯ ಉರುಳಿಕೆ ಬಂದಾಗಲೆಲ್ಲ ಉಳಿದದ್ದು ಅಡಗಿ, ಅದು ನಿಂತ ಮೇಲೆ ಭಾಗವತರ ಸ್ವರ ಕ್ರಮೇಣ ಮೇಲೆ ಬರುತ್ತದೆ. ಆ ಕ್ಷಣಗಳಲ್ಲಿ ಸಾಹಿತ್ಯ ಮಸುಕಾಗುತ್ತದೆ ಎಂಬುದು ನಿಜವಾದರೂ ಮಾವನ ಪದ್ಯದ ಪುಸ್ತಕಗಳು ಕೈಯಲ್ಲಿರುವಾಗ ಅದರಿಂದ ತೊಂದರೆಯಿಲ್ಲ.

ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್)

ಶೀರ್ಷಿಕೆಯೇ ಇಲ್ಲದ ಕೆಲವು ಕ್ಯಾಸೆಟ್ಟುಗಳನ್ನು ಕೊನೆಗೆ ಉಳಿಸಿದ್ದೆ. ಅವು ಮನೆಯಲ್ಲಿ ಪಾಠದ ಹೊತ್ತಿಗೆ ಮುದ್ರಿಸಿದವು, ಮತ್ತು ಇಡೀ ಸಂಗ್ರಹದಲ್ಲಿ ನನಗೆ ಅತ್ಯಮೂಲ್ಯವೆನಿಸಿದವು ಅವೇ.

ಒಂದು ಬದಿಯನ್ನು ವಿವರವಾಗಿ ಬರೆದಿಡುತ್ತೇನೆ. ಮಾವ ಹಿರಿಮಗಳಿಗೆ ತ್ರಿವುಡೆ ತಾಳದ ಪದ್ಯವೊಂದನ್ನು ಹೇಳಿಕೊಡುತ್ತಿದ್ದಾರೆ. ಅತ್ತಿಗೆಗೆ ಆಗ ಹತ್ತು ಹನ್ನೊಂದು ವರ್ಷ. ಏಳು ಅಕ್ಷರದ ಆವರ್ತನದಲ್ಲಿ ಅವಳು ಪ್ರತಿ ಸಲವೂ ಎರಡನೆಯ ಸಾಲನ್ನು ಮುಂಚಿತವಾಗಿ ಎತ್ತಿಕೊಳ್ಳುತ್ತಾಳೆ. “ಅವಸರ ಮಾಡೆಡ ಕೂಸೇ, ತಾಳ ಬಿಡೆಡ, ಇನ್ನೊಂದರಿ ಹೇಳು” ಎಂಬ ಮಾವನ ಮಾತು ಅದೇ ಸ್ವರದಲ್ಲಿ, ಕಿಂಚಿತ್ತೂ ಏರದೆ, ಮತ್ತೆ ಮತ್ತೆ ಕೇಳುತ್ತದೆ. ನಡುವೆ ಕೆಲಸದವರು ಬಂದು ಮರುದಿನ ಅಡಿಕೆಗೆ ಮದ್ದು ಸಿಂಪಡಿಸುವ ವಿಷಯ ಕೇಳುತ್ತಾರೆ, ಸಣ್ಣ ಮಗ ಶಾಲೆಯ ಪ್ರಗತಿಪತ್ರಕ್ಕೆ ಸಹಿ ಕೇಳುತ್ತಾನೆ. ಮಾವ ತುಳುವಿನಲ್ಲಿ ಒಬ್ಬರಿಗೆ, ಹವ್ಯಕ ಮಾತಿನಲ್ಲಿ ಇನ್ನೊಬ್ಬರಿಗೆ ಉತ್ತರ ಕೊಡುವಾಗಲೂ ತೊಡೆಯ ಮೇಲಿನ ಕೈತಾಳ ನಿಲ್ಲುವುದಿಲ್ಲ. ಆ ಮೆಲುವಾದ ಪೆಟ್ಟನ್ನು ಹೆಡ್‌ಫೋನಿನಲ್ಲಿ ಎಣಿಸಿ ನೋಡಿದೆ, ಏಳು ಏಳಾಗಿಯೇ ಇತ್ತು. ಮುಂದೆ ಒಂದು ಕಡೆ ಮಾವನಿಗೇ ಸಾಲು ಮರೆತು ಹೋಗುತ್ತದೆ. ಆಗ ಒಳಗಿನಿಂದ, ಪಾತ್ರೆಗಳ ಸದ್ದಿನ ಎಡೆಯಲ್ಲಿ, “ಅದು ಹಾಂಗಲ್ಲ” ಎಂದು ಅತ್ತೆ ಪೂರ್ತಿ ಸಾಲನ್ನು ಹೇಳಿಕೊಡುತ್ತಾರೆ. ಒಂದು ದಿನವೂ ತಾಳ ಹಿಡಿದು ಕೂರದ ಅತ್ತೆಗೆ ಪ್ರಸಂಗದ ಸಾಹಿತ್ಯ ಕಂಠಪಾಠವಿತ್ತೆಂಬುದು ಕುಟುಂಬದ ಹೊರಗೆ ಯಾರಿಗೂ ತಿಳಿದಿರಲಾರದು.

ಈ ಕ್ಯಾಸೆಟ್ಟುಗಳಿಂದ ಪದ್ಯಗಳನ್ನಷ್ಟೇ ಆರಿಸಿ, ಮನೆಯ ಸದ್ದುಗಳನ್ನು ಕತ್ತರಿಸಿ, ಎಲ್ಲರಿಗೂ ಹಂಚಬೇಕೆಂದು ಕೆಲವು ಸಂಬಂಧಿಕರು ಹೇಳಿದ್ದಾರೆ. ಅವರ ಅಪೇಕ್ಷೆಯಲ್ಲಿ ತಪ್ಪಿಲ್ಲ, ಹಾಗೆ ಆಯ್ದ ಪದ್ಯಗಳ ಒಂದು ಗುಚ್ಛವನ್ನು ಮಾಡಿಕೊಡುತ್ತೇನೆ. ಆದರೆ ಸಂಗ್ರಹದಲ್ಲಿ ಉಳಿಯುವ ಪ್ರತಿ ಮಾತ್ರ ಒಂದು ಕೆಮ್ಮನ್ನೂ ತೆಗೆಯದ ಪೂರ್ಣ ಪ್ರತಿಯೇ ಆಗಿರುತ್ತದೆ. ಮಾವ ಸಂಸಾರವನ್ನು ಬದಿಗಿಟ್ಟು ಹಾಡಿದವರಲ್ಲ. ಕೆಲಸದವರ ಮಾತು, ಮಕ್ಕಳ ಸಹಿ, ಅತ್ತೆಯ ತಿದ್ದುಪಡಿ, ಇವುಗಳ ನಡುವೆಯೇ ಅವರ ತಾಳ ನಡೆದದ್ದು. ಅವನ್ನು ಕತ್ತರಿಸಿದರೆ ಕೇಳುವವರಿಗೆ ಒಳ್ಳೆಯ ಭಾಗವತರೊಬ್ಬರು ಸಿಕ್ಕಾರು, ನಮ್ಮ ಮಾವ ಸಿಕ್ಕುವುದಿಲ್ಲ.

ಪಾಠದ ಕ್ಯಾಸೆಟ್ಟುಗಳು ಇನ್ನೊಂದು ದೃಷ್ಟಿಯಿಂದಲೂ ಮುಖ್ಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಮಾವ ಶಾಲೆಗೆ ಹೋಗುವ ಹುಡುಗ. ಆ ಕುರಿತು ಅವರು ಭಾಷಣ ಮಾಡಿದವರಲ್ಲ, ಆದರೆ ಪಾಠಕ್ಕೆ ಬಂದ ಮಕ್ಕಳ ಮನೆಮಾತು ತುಳುವಿರಲಿ, ಮಲಯಾಳವಿರಲಿ, ಕೊಂಕಣಿಯಿರಲಿ, ಹಾಡುವ ಮೊದಲು ಪದ್ಯವನ್ನು ಕನ್ನಡದಲ್ಲಿ ಓದಿಸಿ, ಅರ್ಥ ಹೇಳಿಸಿ, ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿಯೇ ಮುಂದುವರಿಯುತ್ತಿದ್ದರು. ಅವರಿಂದ ಕನ್ನಡ ಕಲಿತವರು ಇಂದು ಬದಿಯಡ್ಕ, ಪೆರ್ಲ, ಕುಂಬಳೆಗಳ ಸಂಘಗಳಲ್ಲಿ ಅರ್ಥ ಹೇಳುತ್ತಿದ್ದಾರೆ.

ನವರಾತ್ರಿಯ ಹೊತ್ತಿಗೆ

ಹೆಸರು ಬರೆಯದ ಕ್ಯಾಸೆಟ್ಟುಗಳಲ್ಲಿ ಚೆಂಡೆ, ಮದ್ದಳೆ ನುಡಿಸಿದವರನ್ನು ಗುರುತಿಸಲು ಮಾವನ ಹಿರಿಯ ಒಡನಾಡಿಯೊಬ್ಬರು ನೆರವಾಗುತ್ತಿದ್ದಾರೆ. ಅವರು ಕೆಲವು ಆವರ್ತನಗಳನ್ನು ಕೇಳಿಯೇ ಕೈ ಯಾರದ್ದೆಂದು ಹೇಳಬಲ್ಲರು. ಒಂದು ಕ್ಯಾಸೆಟ್ಟಿನಲ್ಲಿ ಮುಕ್ತಾಯಕ್ಕೆ ಬರುವ ಮದ್ದಳೆಯನ್ನು ಮತ್ತೆ ಹಾಕಿಸಿ ಕೇಳಿ, “ಇದು ನನ್ನದೇ, ಭಾಗವತರು ಇಲ್ಲಿ ನನಗೆ ಬೇಕೆಂದೇ ಜಾಗ ಬಿಟ್ಟಿದ್ದಾರೆ” ಎಂದರು. ತಾನು ಮುಂದೆ ನಿಲ್ಲದೆ ಜೊತೆಗಾರನಿಗೆ ಎಡೆ ಕೊಡುವ ಈ ಗುಣವನ್ನು ಹಿಮ್ಮೇಳದವರೆಲ್ಲ ಮಾವನ ಬಗ್ಗೆ ಹೇಳುತ್ತಾರೆ. ಗುರುತಾದ ಕಲಾವಿದರ ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದೇ ಅವರ ಹೆಸರುಗಳನ್ನು ಸೂಚಿಯಲ್ಲಿ ಸೇರಿಸುತ್ತಿದ್ದೇನೆ.

ಪದ್ಯದ ಪುಸ್ತಕಗಳ ಪುಟಗಳ ಚಿತ್ರ ತೆಗೆಯುವ ಕೆಲಸ ಮುಗಿದಿದೆ. ಪದ್ಯದ ಅಂಚಿನಲ್ಲಿ ಮಾವ ರಾಗತಾಳಗಳ ಜೊತೆಗೆ ಕೂಲಿಯ ಲೆಕ್ಕ, ಅಡಿಕೆಯ ಧಾರಣೆ, ಮಗಳ ಮದುವೆಗೆ ಕರೆಯಬೇಕಾದವರ ಮನೆಗಳನ್ನೂ ಬರೆದಿಟ್ಟಿದ್ದಾರೆ, ಅವೂ ಚಿತ್ರದಲ್ಲಿ ಬಂದಿವೆ.

ಬೂಸಲು ಹಿಡಿದ ಕ್ಯಾಸೆಟ್ಟುಗಳ ಒಂದು ಡಬ್ಬಿ ಉಳಿದಿದೆ, ಮಳೆ ಪೂರ್ತಿ ಬಿಟ್ಟ ಮೇಲೆ ಅದನ್ನು ತೆರೆಯುತ್ತೇನೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ಅತ್ತೆಯ ಧ್ವನಿಮುದ್ರಣ. ಅವರ ನೆನಪಿನಲ್ಲಿರುವ ಪದ್ಯಗಳಲ್ಲಿ ಮಾವನ ಪುಸ್ತಕದಲ್ಲಿ ಇಲ್ಲದ ಪಾಠಾಂತರಗಳಿವೆಯೆಂದು ಈಗಾಗಲೇ ಗೊತ್ತಾಗಿದೆ. ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತು ಒರಗಿ ಎದ್ದ ಮೇಲೆ, ಹಾಡಾಗಿ ಅಲ್ಲದೆ ಬರೇ ಮಾತಿನಂತೆ ಹೇಳುವುದಾದರೆ ಆಗಬಹುದೆಂದು ಅವರು ಒಪ್ಪಿದ್ದಾರೆ. ಮೊದಲು ಪಂಚವಟಿ ಪ್ರಸಂಗದಿಂದ ಆರಂಭಿಸುವುದೆಂದು ಮಾತಾಗಿದೆ, ಅತ್ತಿಗೆಯೂ ಆ ವಾರ ಊರಿಗೆ ಬರುತ್ತಾಳೆ.