ಬಚ್ಚಲಲ್ಲಿ ಕರಿಬೇವು ಬಂದ ರಾತ್ರಿ

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣ ಅಂಚಿನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮದು ಎರಡನೇ ರಾತ್ರಿ. ಊಟ ಆಗಿತ್ತು, ನಾನು ನಮ್ಮ ಬಾಡಿಗೆ ಮನೆಗಾಡಿಯ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮಗಳು ಒಳಗಿಂದ ಕೂಗಿದಳು: "ಅಪ್ಪಾ, ಬಚ್ಚಲಲ್ಲಿ ಕರಿಬೇವು ಬರ್ತಿದೆ!" ಹೋಗಿ ನೋಡಿದರೆ ಷವರ್ ನೆಲದ ತೂತಿನಿಂದ ಅರಿಸಿನ ಬಣ್ಣದ ನೀರು ಉಕ್ಕುತ್ತಿದೆ. ಮೇಲೆ ನಾಲ್ಕೈದು ಸಾಸಿವೆ ಕಾಳು, ಒಂದು ಎಸಳು ಕರಿಬೇವು. ಸಂಜೆಯ ತಿಳಿಸಾರು!

ಸಿಂಕು ಮತ್ತು ಷವರ್‌ನ ಕೊಳೆ ನೀರು ಇಳಿಯುವ ಗ್ರೇ ಟ್ಯಾಂಕ್ ತುಂಬಿತ್ತು. ತುಂಬಿದ ಮೇಲೆ ನೀರು ಎಲ್ಲಕ್ಕಿಂತ ತಗ್ಗಿನ ತೂತು ಹುಡುಕುತ್ತದೆ, ಅದು ಷವರ್‌ನದು.

ಲಾಸ್ ವೇಗಸ್‌ನಲ್ಲಿ ಬಾಡಿಗೆಗೆ ಹಿಡಿದ 25 ಅಡಿಯ ಆರ್‌ವಿ ಅದು, ಅಂದರೆ ಅಡಿಗೆಮನೆ, ಬಚ್ಚಲು, ಹಾಸಿಗೆ ಎಲ್ಲ ಇರುವ ಗಾಡಿ. ನಾನು, ಹೆಂಡತಿ, ಮಗಳು, ಹಾಸನದಿಂದ ಬಂದಿದ್ದ ಅಮ್ಮ. ಕುಡಿಯುವ ನೀರಿನ ಫ್ರೆಶ್ ಟ್ಯಾಂಕ್ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಗ್ರೇ ಟ್ಯಾಂಕ್ 30 ಗ್ಯಾಲನ್. ಕಕ್ಕಸಿನ ಬ್ಲ್ಯಾಕ್ ಟ್ಯಾಂಕ್ ಅದಕ್ಕಿಂತ ಸ್ವಲ್ಪ ಚಿಕ್ಕದು. 40 ಗ್ಯಾಲನ್ ನೀರು ಕೊಟ್ಟು 30 ಗ್ಯಾಲನ್ ಬಚ್ಚಲು ಕೊಟ್ಟಿದ್ದಾರೆ ಅನ್ನುವುದನ್ನು ಹೊರಡುವ ಮುಂಚೆ ಯೋಚಿಸಿದ್ದರೆ ಸಾಕಿತ್ತು. ನಾನು ಮೈಲಿ, ಪೆಟ್ರೋಲು, ಕ್ಯಾಂಪಿನ ಬುಕಿಂಗ್ ಎಲ್ಲ ಎಕ್ಸೆಲ್ ಹಾಳೆಯಲ್ಲಿ ಹಾಕಿಕೊಂಡಿದ್ದೆ. ಗ್ರೇ ಟ್ಯಾಂಕಿಗೆ ಒಂದು ಕಾಲಂ ಇರಲಿಲ್ಲ. ನೀವು ಮೊದಲು ಆ ಕಾಲಂ ಹಾಕಿ, ಉಳಿದದ್ದು ಆಮೇಲೆ.

ನಮ್ಮವರ ಅಡಿಗೆಯೇ ಇದಕ್ಕೆ ಶತ್ರು. ಅಕ್ಕಿ ಮೂರು ಸಲ ತೊಳೆ, ಬೇಳೆ ತೊಳೆ, ಕುಕ್ಕರ್ ತೊಳೆ, ಒಗ್ಗರಣೆ ಸೌಟು ತೊಳೆ. ಜಿಡ್ಡು, ಅನ್ನದ ಅಗುಳು ಟ್ಯಾಂಕಿನಲ್ಲಿ ಎರಡು ದಿನ ಕೂತರೆ ಗ್ರೇ ಟ್ಯಾಂಕು ಬ್ಲ್ಯಾಕ್‌ಗಿಂತ ಹೆಚ್ಚು ನಾರುತ್ತದೆ, ಇದು ಅನುಭವದ ಮಾತು. ಮೂರನೇ ದಿನದಿಂದ ತಟ್ಟೆ, ಬಾಣಲೆಗಳನ್ನು ಪೇಪರ್ ಟವೆಲ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ ಆಮೇಲೆ ತೊಳೆದೆವು. ಸಿಂಕಿಗೆ ಟೀ ಸೋಸುವಂಥ ಸಣ್ಣ ಜಾಲರಿ ಇಟ್ಟೆವು.

ಸ್ನಾನದ್ದು ಇನ್ನೊಂದು ಕತೆ. ಷವರ್ ಬಿಟ್ಟುಕೊಂಡು ಐದು ನಿಮಿಷ ನಿಂತರೆ ಮೂವತ್ತು ನಲವತ್ತು ಲೀಟರ್ ಹೋಯಿತು. ಅಮ್ಮನಿಗೆ ಅರ್ಧ ಬಕೆಟ್ಟು, ಒಂದು ಚೊಂಬು ಸಾಕು, ಎಂಟು ಲೀಟರಿನಲ್ಲಿ ತಲೆಗೂ ಆಯಿತು. ಮಗಳು ಮೊದಲು ಮುಖ ಸಿಂಡರಿಸಿದಳು, ಕರಿಬೇವಿನ ರಾತ್ರಿಯ ಮೇಲೆ ತಾನೇ ಚೊಂಬು ಕೇಳಿ ತೆಗೆದುಕೊಂಡಳು. ಮೇದರ್ ಬಾಗಿಲ ಹತ್ತಿರ ದುಡ್ಡು ಕೊಟ್ಟು ಸ್ನಾನ ಮಾಡುವ ಕಟ್ಟಡವೂ ಇದೆ. ಅದನ್ನೇ ಬಳಸಿ.

ಆ ರಾತ್ರಿ ಏನು ಮಾಡಿದೆವು ಎಂದರೆ, ಉಕ್ಕಿದ ನೀರನ್ನು ಚೊಂಬಿನಲ್ಲಿ ಮೊಗೆದು ಕಕ್ಕಸಿಗೆ ಸುರಿದೆವು. ಬ್ಲ್ಯಾಕ್ ಟ್ಯಾಂಕಿನಲ್ಲಿ ಇನ್ನೂ ಜಾಗವಿತ್ತು. ಹೊರಗೆ ನೆಲಕ್ಕೆ ಬಿಡುವ ಯೋಚನೆ ಮಾತ್ರ ಮಾಡಬೇಡಿ. ಪಾತ್ರೆ ತೊಳೆದ ನೀರಾದರೂ ಪಾರ್ಕಿನಲ್ಲಿ ಅದು ತಪ್ಪು.

ಬ್ಲ್ಯಾಕ್ ಟ್ಯಾಂಕಿನ ವಿಷಯದಲ್ಲಿ ನಮ್ಮ ಅಭ್ಯಾಸವೇ ಗೆದ್ದಿತು. ಅಲ್ಲಿ ಬೇಕಾದ್ದು ನೀರು. ನೀರು ಕಡಿಮೆಯಾಗಿ ಪೇಪರ್ ಹೆಚ್ಚಾದರೆ ಗಟ್ಟಿ ಕೂತು ಗೋಪುರವಾಗುತ್ತದೆ, ವಾಲ್ವ್ ತೆಗೆದರೂ ಇಳಿಯುವುದಿಲ್ಲ. ಪೇಪರ್ ಬಳಸುವವರು ಬೇಗ ಕರಗುವ ತೆಳುವಾದದ್ದನ್ನೇ ತನ್ನಿ. ಪೇಜ್ ಊರಿನ ಬಳಿ ವಾವೀಪ್ ಕ್ಯಾಂಪಿನಲ್ಲಿ ನಮಗೆ ಫುಲ್ ಹುಕಪ್ ಸಿಕ್ಕಿತ್ತು, ಅಂದರೆ ನಿಂತಲ್ಲೇ ನೀರು, ಕರೆಂಟು, ಚರಂಡಿ. ಅಲ್ಲಿ ಬ್ಲ್ಯಾಕ್ ವಾಲ್ವ್ ತೆರೆದಿಟ್ಟು ಮಲಗಬೇಡಿ, ನೀರೆಲ್ಲ ಹರಿದುಹೋಗಿ ಗಟ್ಟಿಯಷ್ಟೇ ಉಳಿಯುತ್ತದೆ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಿ. ಖಾಲಿಯಾದ ಮೇಲೆ ಒಂದು ಬಕೆಟ್ ನೀರು, ಟ್ಯಾಂಕಿನ ಔಷಧಿ ಹಾಕಿ.

ಡಂಪ್ ಸ್ಟೇಷನ್ನಿನಲ್ಲಿ, ಅಂದರೆ ಕೊಳೆ ಟ್ಯಾಂಕ್ ಖಾಲಿ ಮಾಡುವ ಜಾಗದಲ್ಲಿ, ಹೆದರಿಕೆಗಿಂತ ಅವಸರ ಕೆಟ್ಟದ್ದು. ಹಿಂದೆ ಮೂರು ಗಾಡಿ ಕಾಯುತ್ತಿದ್ದವೆಂದು ನಾನು ಮೂರು ಇಂಚಿನ ಪೈಪನ್ನು ಅರ್ಧ ತಿರುಗಿಸಿ ವಾಲ್ವ್ ಎಳೆದೆ. ಬೂಟು ಅಲ್ಲೇ ಕಸಕ್ಕೆ ಹೋಯಿತು. ಎರಡೂ ಕೊಂಡಿ ಕಟ್ ಎಂದು ಕೂತವೇ ನೋಡಿ, ಇನ್ನೊಂದು ತುದಿಯನ್ನು ನೆಲದ ತೂತಿಗಿಳಿಸಿ ಮೇಲೆ ಕಲ್ಲೋ ಕಾಲೋ ಇಡಿ. ಮೊದಲು ಬ್ಲ್ಯಾಕ್, ಅದು ಮುಗಿದ ಮೇಲೆ ಗ್ರೇ. ಹಿಂದೆ ಬಂದ ಸೋಪಿನ ನೀರು ಪೈಪನ್ನು ತೊಳೆದುಕೊಡುತ್ತದೆ. ಟ್ಯಾಂಕ್ ಎಷ್ಟು ತುಂಬಿದೆ ಎಂದು ತೋರಿಸುವ ಗಾಡಿಯೊಳಗಿನ ದೀಪ ಆಮೇಲೂ ಮೂರರಲ್ಲೆರಡು ತುಂಬಿದೆ ಅನ್ನಬಹುದು. ಸೆನ್ಸರಿಗೆ ಪೇಪರ್ ಅಂಟಿರುತ್ತದೆ, ಗಾಬರಿ ಬೇಡ.

ಅಲ್ಲೇ ಪೈಪ್ ತೊಳೆಯಲೆಂದು ಒಂದು ನಲ್ಲಿ ಇರುತ್ತದೆ. ಜನ ಅದರ ಬಾಯಿಗೆ ಏನೇನು ತಾಗಿಸಿರುತ್ತಾರೋ! ಕುಡಿಯುವ ನೀರಿನ ನಲ್ಲಿ ಬೇರೆ, ಮೇಲೆ ಬರೆದಿರುತ್ತದೆ. ಗ್ಲೌಸ್ ಬಿಸಾಕಿ, ಕೈ ತೊಳೆದು, ಗಾಡಿ ಮುಂದಕ್ಕೆ ತೆಗೆದು ಆಮೇಲೆ ಕುಡಿಯುವ ನೀರು ತುಂಬುವ ಬಿಳಿ ಪೈಪ್ ಹೊರತೆಗೆಯಿರಿ. ಆ ಬಿಳಿ ಪೈಪನ್ನು ಬೇರೆ ಚೀಲದಲ್ಲೇ ಇಡಿ. ಹುಕಪ್ ನಲ್ಲಿಗೆ ಜೋಡಿಸುವಾಗ ನೀರಿನ ಒತ್ತಡ ಹಿಡಿತದಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಮರೆಯಬೇಡಿ.

ಝಯಾನ್ ಪಾರ್ಕಿನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ಸೈಟಿಗೆ ಕರೆಂಟು ಮಾತ್ರ. ಡಂಪ್ ಸ್ಟೇಷನ್ ಕ್ಯಾಂಪಿನಲ್ಲೇ ಇದೆ, ಹೊರಡುವ ಬೆಳಿಗ್ಗೆ ಬೇಗ ಹೋಗಿ. ಅಲ್ಲಿಂದ ಪೇಜ್‌ಗೆ ಪಾರ್ಕಿನೊಳಗಿನ ಸುರಂಗದ ದಾರಿ ಎಣಿಸಬೇಡಿ, 2026ರ ಜೂನ್‌ನಿಂದ 11 ಅಡಿ 4 ಇಂಚಿಗಿಂತ ಎತ್ತರದ ಗಾಡಿಗೆ ಬಿಡುವುದಿಲ್ಲ. ಹರಿಕೇನ್, ಫ್ರೆಡೋನಿಯಾ ಊರುಗಳ ಮೇಲೆ ಸುತ್ತಿ ಹೋಗಿ. ಮೇದರ್‌ನಲ್ಲಿ ಹುಕಪ್ ಇಲ್ಲವೇ ಇಲ್ಲ. ಡಂಪ್ ಸ್ಟೇಷನ್ ಇದೆ, ಚಳಿಗಾಲದಲ್ಲಿ ಮುಚ್ಚುತ್ತದೆ. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಎಲ್ಲ ಉಂಟು, ದುಬಾರಿ. ದಕ್ಷಿಣ ಅಂಚಿನ ನೀರು ಕಣಿವೆಯ ಆಚೆ ಬದಿಯ ರೋರಿಂಗ್ ಸ್ಪ್ರಿಂಗ್ಸ್‌ನಿಂದ 1960ರ ದಶಕದ ಪೈಪಿನಲ್ಲಿ ಬರುವಂಥದು. 2024ರ ಆಗಸ್ಟ್ ಕೊನೆಗೆ ಅದು ಹಲವು ಕಡೆ ಒಡೆದು ಹೋಟೆಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಲ್ಲಿಸಿದ್ದರು, ಕ್ಯಾಂಪಿನ ನಲ್ಲಿಗಳೂ ಬಂದ್. ಅದಕ್ಕೇ ಪೇಜ್‌ನಲ್ಲಿ ಫ್ರೆಶ್ ಟ್ಯಾಂಕ್ ಭರ್ತಿ ಮಾಡಿಕೊಂಡು, ಉಳಿದೆರಡನ್ನು ಖಾಲಿ ಮಾಡಿಕೊಂಡೇ ಏರಿ. 150 ಕಿಲೋ ಹೆಚ್ಚು ಭಾರ ಎಳೆಯುತ್ತದೆ, ಎಳೆಯಲಿ.

ಗಾಡಿ ಮರಳಿಸುವಾಗ ಕೊಳೆ ಟ್ಯಾಂಕ್ ಎರಡೂ ಖಾಲಿ ಇರಬೇಕು, ಇಲ್ಲದಿದ್ದರೆ ದಂಡ. ಆ ಬೆಳಿಗ್ಗೆ ಡಂಪ್ ಹುಡುಕುತ್ತ ವೇಗಸ್ ಟ್ರಾಫಿಕ್‌ನಲ್ಲಿ ಅಲೆಯುವ ಬದಲು ಕೊನೆಯ ರಾತ್ರಿ ಹುಕಪ್ ಇರುವಲ್ಲೇ ತಂಗಿ. ಚೊಂಬನ್ನು ನಾವು ಸಿಂಕಿನ ಕೆಳಗೆ ಮರೆತು ಬಂದೆವು. ಅಮ್ಮ ಇನ್ನೂ ಕೇಳುತ್ತಿರುತ್ತಾರೆ.